ಕೊಳೆತ ಗಡ್ಡೆಗೆ ನೀರು

ನಾನು ವಿಶ್ವವಿದ್ಯಾಲಯದಲ್ಲಿ ಗಿಡಗಳ ರೋಗದ ಬಗ್ಗೆ ಪಾಠ ಮಾಡುವವನು. ಮಗಳ ಕುಂಡದಲ್ಲಿದ್ದ ಗಡ್ಡೆ ಕೊಳೆತದ್ದು ಗೊತ್ತಾಗಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ನಂಬಬೇಕಾಗಿಯೂ ಇಲ್ಲ, ಗೊತ್ತಿತ್ತು.

ದೀಪಾವಳಿ ಮುಗಿದ ವಾರ ಈ ಹಿಂದಿ ಊರಿನ ಗೋದೌಲಿಯಾ ಪೇಟೆಯ ಬೀಜದಂಗಡಿಯಿಂದ ರನನ್ಕ್ಯುಲಸ್ ಹೂವಿನ ಗಡ್ಡೆಗಳನ್ನು ತಂದಿದ್ದೆ. ನೋಡಲು ಒಣಗಿದ ಕೋಳಿಕಾಲಿನ ಹಾಗೆ. ಇದರಿಂದ ಪದರಪದರವಾಗಿ ತುಂಬಿದ ಹೂ ಬರುತ್ತದೆಂದರೆ ನಗು ಬರುತ್ತದೆ. ಒಂಬತ್ತು ವರ್ಷದ ಮಗಳು ಒಂದನ್ನು ಕೇಳಿ ಪಡೆದಳು. ಫೆಬ್ರವರಿಯಲ್ಲಿ ಅವಳಮ್ಮನ ಹುಟ್ಟುಹಬ್ಬ. ತಾನೇ ಬೆಳೆಸಿದ ಹೂವನ್ನೇ ಕೊಡಬೇಕೆಂಬ ಹಟ. ಅಮ್ಮನಿಗೆ ಮೊಣಕಾಲು ನೋವು, ಕುಂಡಗಳಿರುವ ತಾರಸಿ ಹತ್ತುವುದಿಲ್ಲ. ಹಾಗಾಗಿ ಗುಟ್ಟೂ ಉಳಿಯುತ್ತದೆ.

ನೆಡುವ ಮೊದಲು ನಾಲ್ಕು ಗಂಟೆ ಹೊತ್ತು ನೀರಲ್ಲಿ ನೆನೆಸಿದರೆ ಸಾಕು ಎಂದಿದ್ದೆ. ಉಬ್ಬುವುದನ್ನು ನೋಡುವ ಖುಷಿಗೆ ಎರಡು ದಿನ ಮಗ್ಗಿನಲ್ಲೇ ಬಿಟ್ಟಳು. ಬೈದರೆ "ಮುಝೇ ಪತಾ ಹೈ, ಪಾಪಾ" ಅಂದಳು. ನನಗೆ ಮೈ ಉರಿಯಿತು. ಊರಿನ ಗಿಡಕ್ಕೆಲ್ಲ ಮದ್ದು ಹೇಳುವವನು ನಾನು, ಇವಳಿಗೆ ಗೊತ್ತಂತೆ!

ನನ್ನ ಕುಂಡಗಳಲ್ಲಿ ಮೊಳಕೆ ಬಂತು, ಅವಳದರಲ್ಲಿ ಬರಲಿಲ್ಲ. ಅವಳು ಶಾಲೆಗೆ ಹೋದಾಗ ಮಣ್ಣಿಗೆ ಬೆರಳು ಹಾಕಿ ನೋಡಿದೆ. ಗಡ್ಡೆ ಲೋಳೆಯಾಗಿ ಕೈಗೆ ಹತ್ತಿತು. ಡ್ರಾಯರಿನಲ್ಲಿ ಇನ್ನೂ ಆರು ಒಳ್ಳೆಯ ಗಡ್ಡೆಗಳಿದ್ದವು, ಒಂದನ್ನು ಅಲ್ಲಿ ಹುಗಿದಿದ್ದರೆ ಮುಗಿಯುತ್ತಿತ್ತು. ನಾನು ಮಣ್ಣನ್ನು ಮೊದಲಿನಂತೆ ಸಮ ಮಾಡಿ, ಕೈ ತೊಳೆದು, ಚಹಾ ಕುಡಿದೆ. ಬುದ್ಧಿ ಬರಲಿ ಎಂದುಕೊಂಡೆ.

ಎರಡು ತಿಂಗಳು ಅವಳು ಆ ಮಣ್ಣಿಗೆ ನೀರು ಹಾಕಿದಳು. ಚಳಿಗೆ ಶಾಲೆ ಮುಚ್ಚಿದ ದಿನಗಳಲ್ಲೂ ಮಂಜಿನಲ್ಲಿ ಟೋಪಿ ಹಾಕಿಕೊಂಡು ಬಂದು ಬಗ್ಗಿ ನೋಡುತ್ತಿದ್ದಳು. ಯಾವಾಗ ಬರುತ್ತದೆ ಎಂದು ಕೇಳಿದಾಗೆಲ್ಲ ತಾಳ್ಮೆಯಿರಲಿ ಎನ್ನುತ್ತಿದ್ದೆ. ನಿಜ ಹೇಳುತ್ತೇನೆ, ಆ ಆಟ ನನಗೆ ರುಚಿಸತೊಡಗಿತ್ತು.

ನನ್ನ ಹೂಗಳು ಅರಳಿದಾಗ ನಮ್ಮ ಧಾರವಾಡದ ಕಡೆಯ ಡಾಕ್ಟರ್ ದಂಪತಿ ನೋಡಲು ಬಂದರು. ನನ್ನ ಹೆಂಡತಿ ಇಲ್ಲಿಯವಳೇ, ಸೋನಾರ್‌ಪುರದವಳು, ಮನೆಯಲ್ಲಿ ಹಿಂದಿಯೇ. ನನ್ನ ಕನ್ನಡವೆಲ್ಲ ಇಂಥ ಅತಿಥಿಗಳಿಗೆ, ಮತ್ತು ಭಾನುವಾರ ಊರಿನಿಂದ ತಾಯಿಯ ಫೋನ್ ಬಂದಾಗ. ಮಗಳೂ ಅಜ್ಜಿಯ ಮಾತಿಗೆ ಕಿವಿಗೊಟ್ಟು ಕೂರುತ್ತಿದ್ದಳು. ಅವಳು ಬರೀ ಹ್ಞೂಂ ಅನ್ನುವುದನ್ನಷ್ಟೇ ಕೇಳಿದ್ದೆ. ಆ ದಿನ ಅವಳು ಮಗ್ಗು ಹಿಡಿದು ಪಕ್ಕದಲ್ಲೇ ಇದ್ದಳು.

"ನೋಡ್ರಿ, ಎರಡು ತಿಂಗಳಿಂದ ಸತ್ತ ಗಡ್ಡಿಗೆ ನೀರ ಹಾಕಾಕತ್ತಾಳ. ಎಷ್ಟ ದಿನಾ ಹಾಕತಾಳ ನೋಡೂಣಂತ ನಾನೂ ಸುಮ್ಮನದೀನಿ," ಎಂದೆ. ಡಾಕ್ಟರ್ ಬಿದ್ದುಬಿದ್ದು ನಕ್ಕರು. ಅವರ ಹೆಂಡತಿ ನಗಲಿಲ್ಲ.

ಮರುದಿನದಿಂದ ಮಗಳು ಕುಂಡದ ಹತ್ತಿರ ಹೋಗಲಿಲ್ಲ. ಅಂತೂ ಬೇಜಾರು ಬಂತು ಎಂದುಕೊಂಡೆ.

ಹುಟ್ಟುಹಬ್ಬದ ಬೆಳಿಗ್ಗೆ ನನ್ನ ಕುಂಡದ ಹಳದಿ ಹೂವೊಂದನ್ನು ಕತ್ತರಿಸಿ ಅವಳ ಕೈಗಿಡಲು ಹೋದೆ. ಅವಳು ಕೈ ಹಿಂದೆ ಕಟ್ಟಿಕೊಂಡಳು. ನಾನೇ ಹೆಂಡತಿಗೆ ಕೊಟ್ಟು, ಇದು ನಿನ್ನ ಮಗಳೇ ಬೆಳೆಸಿದ್ದು ಎಂದೆ. ಹೆಂಡತಿ ಮಗಳನ್ನು ಬಾಚಿ ತಬ್ಬಿಕೊಂಡಳು. ಅಮ್ಮನ ಭುಜದ ಮೇಲಿಂದ ಮಗಳು ನನ್ನನ್ನು ನೋಡಿ, ಥೇಟ್ ನನ್ನ ತಾಯಿಯ ದನಿಯಲ್ಲಿ, ಹುಟ್ಟಿದಾಗಿನಿಂದ ನನ್ನೊಡನೆ ಮೊದಲ ಬಾರಿಗೆ ಕನ್ನಡ ಮಾತಾಡಿದಳು.

"ಅಮ್ಮಗಾದ್ರೂ ಸುಳ್ಳ ಹೇಳಬ್ಯಾಡ್ರಿ, ಪಾಪಾ."

"ಕ್ಯಾ ಕಹಾ ಇಸ್‌ನೇ?" ಏನಂದಳೆಂದು ಹೆಂಡತಿ ಕೇಳಿದಳು. ತನಗೆ ಬಾರದ ಕನ್ನಡವನ್ನು ಮಗಳ ಬಾಯಲ್ಲಿ ಕೇಳಿ ಅವಳಿಗೆ ಎಲ್ಲಿಲ್ಲದ ಸಂಭ್ರಮ.

ನಿನಗೆ ಶುಭಾಶಯ ಹೇಳಿದಳು ಎಂದೆ. ಮಗಳು ನನ್ನನ್ನು ತಿದ್ದಲಿಲ್ಲ.