ಅಂತೋಣಿ ಮೇಷ್ಟ್ರ ಜೊತೆ ಕನಕಪುರಕ್ಕೆ

ಮೈಸೂರಿನಲ್ಲಿ ಪ್ಯಾಸೆಂಜರ್ ರೈಲು ಹತ್ತಿ, ಬೆಳಿಗ್ಗೆ ಹತ್ತಕ್ಕೆ ಚನ್ನಪಟ್ಟಣದಲ್ಲಿ ಇಳಿದೆ. ಟಿಕೆಟ್ ಮೂವತ್ತು ರೂಪಾಯಿ. ಹದಿನೇಳು ಜನರ ನಮ್ಮ ಜಾಝ್ ಬ್ಯಾಂಡ್ ಸಂಜೆ ನಾಲ್ಕಕ್ಕೆ ಕನಕಪುರದ ಸಮುದಾಯ ಭವನವೊಂದರಲ್ಲಿ ನುಡಿಸಬೇಕಿತ್ತು. ಉಳಿದವರು ಬೆಂಗಳೂರಿನಿಂದ ವ್ಯಾನಿನಲ್ಲಿ ಬರುವವರು. ಅಂತೋಣಿ ಮೇಷ್ಟ್ರನ್ನು ಕರೆತರುವ ಕೆಲಸ ನನ್ನದು.

ಮೇಷ್ಟ್ರಿಗೆ ಎಪ್ಪತ್ತಾರು. ಪ್ರಾಯದಲ್ಲಿ ಬೆಂಗಳೂರಿನ ಹೋಟೆಲು, ಕ್ಲಬ್ಬುಗಳಲ್ಲಿ ಟ್ರಾಂಬೋನ್ ಊದಿದವರು. ನಾನು ಹಾರೋಹಳ್ಳಿಯ ಕಾರ್ಖಾನೆಯಲ್ಲಿದ್ದಾಗ ರಜೆಯ ದಿನ ಅವರ ಮನೆಗೆ ಹೋಗುತ್ತಿದ್ದೆ. ಟ್ರಾಂಬೋನಿನ ಉದ್ದನೆಯ ಹಿತ್ತಾಳೆ ಕೊಳವೆಯನ್ನು ಹಿಂದೆ ಮುಂದೆ ಜಾರಿಸಿ ಸ್ವರ ಹಿಡಿಯುವುದನ್ನು ಕಲಿಸಿದವರು ಅವರೇ. ಎರಡು ವರ್ಷದ ಹಿಂದೆ ಮುಂದಿನ ಹಲ್ಲುಗಳು ಹೋಗಿ ಹಲ್ಲು ಕಟ್ಟಿಸಿಕೊಂಡ ಮೇಲೆ ಅವರು ಜನರೆದುರು ಊದಿರಲಿಲ್ಲ. ನಮ್ಮ ಬ್ಯಾಂಡ್ ನಡೆಸುವ ಲೀನಾ ಮೇಡಂ ಒಂದು ಹಾಡಿನ ನಡುವೆ ಅವರೊಬ್ಬರೇ ಊದಲೆಂದು ಜಾಗ ಬಿಟ್ಟಿದ್ದರು.

ಚನ್ನಪಟ್ಟಣದ ಮನೆಯಿಂದ ಮೇಷ್ಟ್ರನ್ನು ಹೊರಡಿಸಿಕೊಂಡು, ಬಸ್ಸಿನಲ್ಲಿ ರಾಮನಗರಕ್ಕೆ ಬಂದು ಇಡ್ಲಿ ತಿಂದೆವು. ಬಿಸಿಲು ಜೋರಿತ್ತು.

"ನಾನು ನಿಮ್ ಜತೆ ಸಾಲಲ್ಲಿ ಕೂತ್ಕತೀನಿ ಕಣಪ್ಪ ರಾಜು. ಒಬ್ನೇ ಊದೋದು ನೀನೇ ಊದ್ಬುಡು. ಮೇಲಿನ ಸ್ವರಕ್ಕೆ ಹೋದ್ರೆ ಹಲ್ಲು ಅಲ್ಲಾಡ್ತದೆ" ಎಂದರು ಮೇಷ್ಟ್ರು.

"ಹೋಗಿ ನೋಡನ ಮೇಷ್ಟ್ರೇ" ಎಂದೆನೇ ಹೊರತು ನನಗೂ ಧೈರ್ಯವಿರಲಿಲ್ಲ.

ಕನಕಪುರದ ಬಸ್ಸು ತುಂಬಿತ್ತು. ರೇಷ್ಮೆ ಗೂಡು ಮಾರಿ ಊರಿಗೆ ಹೊರಟಿದ್ದ ಹೆಂಗಸೊಬ್ಬರು ಖಾಲಿ ಚೀಲಗಳನ್ನು ಕಾಲಡಿಗೆ ಎಳೆದುಕೊಂಡು ಮೇಷ್ಟ್ರಿಗೆ ಜಾಗ ಕೊಟ್ಟರು.

"ಏನ್ ಯಜಮಾನ್ರೇ, ಪೆಟ್ಟಿಗೆ ಇಷ್ಟುದ್ದ ಐತೆ?" ಎಂದ ಕಂಡಕ್ಟರ್.

"ಊದೋ ವಾದ್ಯ ಕಣಪ್ಪ."

"ಅಂಗಾರೆ ತೊಡೆ ಮ್ಯಾಲೆ ಮಡಿಕ್ಕಳಿ. ತಿರುವಲ್ಲಿ ಬಿದ್ಬುಟ್ಟಾತು."

ಭವನದ ಹಿಂದೆ ಅಭ್ಯಾಸಕ್ಕೆ ಕೂತಾಗ ಮೇಷ್ಟ್ರ ಮೇಲಿನ ಸ್ವರ ಎರಡು ಸಲ ಒಡೆಯಿತು. ಅವರು ವಾದ್ಯವನ್ನು ಕೆಳಗಿಟ್ಟರು. ಲೀನಾ ಮೇಡಂ ಪಕ್ಕಕ್ಕೆ ಬಂದು ಕೂತರು. "ಮೇಲಕ್ಕೆ ಹೋಗೋದೇ ಬೇಡ ಮೇಷ್ಟ್ರೇ. ನಿಮಗೆ ಎಲ್ಲಿ ಸಲೀಸೋ ಅಲ್ಲೇ ಊದಿ. ನಾವು ದನಿ ತಗ್ಗಿಸ್ತೀವಿ."

ಮೇಷ್ಟ್ರು ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. ಆದರೆ ಸಂಜೆ ವೇದಿಕೆಯ ಮೇಲೆ ಅವರ ಸರದಿ ಬಂದಾಗ ಎದ್ದು ನಿಂತರು. ಮೊದಲ ಸ್ವರ ಸೀಳಿತು. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ಮೇಷ್ಟ್ರು ತುಟಿ ಒರೆಸಿಕೊಂಡು ನಮ್ಮತ್ತ ನೋಡಿದರು. ಮೇಡಂ ಅಂಗೈಯನ್ನು ಮೆಲ್ಲಗೆ ಇಳಿಸಿದರು. ಟ್ರಂಪೆಟ್, ಸ್ಯಾಕ್ಸೊಫೋನ್‌ಗಳೆಲ್ಲ ಉಸಿರಿನಷ್ಟಕ್ಕೆ ಇಳಿದವು. ಡ್ರಮ್ಮಿನವನು ಕೋಲು ಬಿಟ್ಟು ಮೆತ್ತನೆಯ ಸದ್ದಿನ ಬ್ರಷ್ ಹಿಡಿದ. ಮೇಷ್ಟ್ರು ತೀರ ಕೆಳಗಿನಿಂದ ಮತ್ತೆ ಶುರು ಮಾಡಿದರು. ನಾಲ್ಕು ಸ್ವರ, ಒಂದು ಬಿಡುವು, ಮತ್ತೆ ಮೂರು. ಉಸಿರು ಮುಗಿದಾಗ ಅವಸರಪಡಲಿಲ್ಲ, ನಾವೆಲ್ಲ ಕಾದೆವು. ಮೊದಲು ಅವರು ಊದುತ್ತಿದ್ದ ವೇಗ ನನಗೆ ಗೊತ್ತು. ಅದೇನೂ ಈಗ ಇರಲಿಲ್ಲ. ಆದರೂ ಭವನದಲ್ಲಿ ಯಾರೂ ಕೆಮ್ಮಲಿಲ್ಲ.

ಮುಗಿದ ಮೇಲೆ ದೊಡ್ಡಆಲಹಳ್ಳಿಯ ರೈತರೊಬ್ಬರು ವೇದಿಕೆಯ ಹತ್ತಿರ ಬಂದು ಮೇಷ್ಟ್ರ ಕೈ ಹಿಡಿದುಕೊಂಡರು. "ಎಮ್ಮೆ ಕರೂನ ಕರ್ದಂಗಿತ್ತು ಸಾಮಿ" ಎಂದರು. ಮೇಷ್ಟ್ರು ಹೊಸ ಹಲ್ಲು ಪೂರ್ತಿ ಕಾಣುವಂತೆ ನಕ್ಕರು.

ಬ್ಯಾಂಡಿನ ವ್ಯಾನೇ ನಮ್ಮನ್ನು ಚನ್ನಪಟ್ಟಣಕ್ಕೆ ಬಿಟ್ಟಿತು. ಮೇಷ್ಟ್ರ ಮಗಳು ರೀಟಾ ಬಾಗಿಲಲ್ಲೇ ನಿಂತಿದ್ದರು.

"ಎಂಗಾಯ್ತಪ್ಪ?"

"ಊದ್ದೆ ಕಣವ್ವ" ಎಂದರು ಮೇಷ್ಟ್ರು. "ಅಷ್ಟೂ ಜನ ನಂಗೋಸ್ಕರ ಒಸಿ ಮೆತ್ತಗೆ ಊದಿದ್ರು."