ಸಂಜೆಗೆ ಬರುವ ಪರಿಮಳ

ಮೊನ್ನೆ ಸಂಜೆ ಬ್ಯಾಗಿನಲ್ಲಿ ಮನೆಯ ಕೀ ಹುಡುಕುತ್ತಿದ್ದಾಗ ಒಂದು ಕಾಗದದ ಪಟ್ಟಿ ಕೈಗೆ ಸಿಕ್ಕಿತು. ಬೆಳಿಗ್ಗೆ ಮಾಲ್‌ನ ಸೆಂಟಿನ ಅಂಗಡಿಯ ಹುಡುಗಿ ಅದಕ್ಕೆ ಏನೋ ಸಿಂಪಡಿಸಿ ಕೊಟ್ಟಿದ್ದಳು. ಆಗ ಹಸಿ ಸೊಪ್ಪು ಜಜ್ಜಿದಂಥ ವಾಸನೆ. ಮೂಗು ಮುರಿದು ಬ್ಯಾಗಿಗೆ ತುರುಕಿದ್ದೆ. ಈಗ ಮೂಗಿಗೆ ಹಿಡಿದರೆ... ಅಯ್ಯೋ, ನಮ್ಮ ನರ್ಸಕ್ಕ!

ಈ ಕೊಲ್ಲಿ ನಾಡಿನ ಮೈದಾನ್ ಹವಲ್ಲಿ ಬಡಾವಣೆಯ ಹಳೆಯ ಕಟ್ಟಡದಲ್ಲಿ ಅವರು ನಮ್ಮ ಎದುರುಮನೆಯವರು, ಮಂಗಳೂರು ಕಡೆಯವರು. ನಾನು ಧಾರವಾಡದಿಂದ ಹೊಸದಾಗಿ ಬಂದವಳು. ಗಂಡ ಸೈಟಿನ ಕೆಲಸಕ್ಕೆ ಹೋದರೆ ನಾಲ್ಕು ಗೋಡೆಗಳೇ ಗತಿ. ಆಸ್ಪತ್ರೆಯ ಡ್ಯೂಟಿಗೆ ಸೆಂಟು ಹಾಕುವಂತಿರಲಿಲ್ಲ. ಹಾಗಾಗಿ ಅಕ್ಕ ರಜೆಯ ಶುಕ್ರವಾರ ಮಾತ್ರ, ಬೆಳಿಗ್ಗೆ ಚರ್ಚಿಗೆ ಹೋಗುವಾಗ ಹಾಕಿಕೊಳ್ಳುತ್ತಿದ್ದರು. ಸಂಜೆ ನಮ್ಮಲ್ಲಿಗೆ ಚಹಾಕ್ಕೆ ಬಂದಾಗ ಅವರ ಮೈಯಿಂದ, ಪೆನ್ಸಿಲ್ ಹೆರೆದಾಗಿನಂಥ ಮರದ ಕಂಪು ಸಣ್ಣಗೆ ಬರುತ್ತಿತ್ತು. ಅವರ ಸೆಂಟೆಂದರೆ ನನಗೆ ಗೊತ್ತಿದ್ದದ್ದು ಆ ಕಂಪೊಂದೇ. ತವರು ನೆನೆದು ಅತ್ತಾಗಲೆಲ್ಲ ಅವರ ಹೆಗಲಿಗೆ ಒರಗುತ್ತಿದ್ದೆ, ಆ ಕಂಪಿಗೇ ಎದೆ ಹಗುರಾಗುತ್ತಿತ್ತು...

ಕೆಲಸ ಬಿಟ್ಟು ಊರಿಗೆ ಹೊರಟ ದಿನ ಬೆಳಿಗ್ಗೆ ಅಕ್ಕ, ಅರ್ಧ ಉಳಿದಿದ್ದ ಬಾಟಲಿ ತಂದು ನನ್ನ ಕೈ ಮೇಲೆ ಸಿಂಪಡಿಸಿದರು. "ಇದು ನಿನಗೇ ಇರ್ಲಿ. ನನ್ನ ನೆನಪಿಗೆ."

"ಅಯ್ಯ, ಇದು ನಿಮ್ಮ ವಾಸ್ನಿ ಅಲ್ಲರಿ ಅಕ್ಕಾರ! ಬರೇ ತಪ್ಪಲ ನಾತ!" ಎಂದೆ.

"ಸ್ವಲ್ಪ ತಡಿ ಮಾರಾಯ್ತಿ. ಮೊದಲು ಸೊಪ್ಪು, ಮತ್ತೆ ಹೂ. ಸಂಜೆಗೆ ಗೊತ್ತಾಗ್ತದೆ ನಿಂಗೆ."

ತಡೆಯುವ ಜಾಯಮಾನ ನನ್ನದಲ್ಲ. ಅವರು ಬಿಟ್ಟು ಹೋಗುತ್ತಿದ್ದಾರಲ್ಲ ಎಂಬ ಸಿಟ್ಟು ಬೇರೆ. ಅದನ್ನೆಲ್ಲ ಆ ಬಾಟಲಿಯ ಮೇಲೆ ತೀರಿಸಿಕೊಂಡೆ. ಅವರೆದುರೇ ಸಿಂಕಿಗೆ ಹೋಗಿ ಸೋಪು ಹಚ್ಚಿ ಕೈ ತೊಳೆದೆ. ಅಕ್ಕ ಬಾಟಲಿಯನ್ನು ತಮ್ಮ ಬ್ಯಾಗಿಗೆ ಹಾಕಿಕೊಂಡರು... ಅಷ್ಟರಲ್ಲಿ ಟ್ಯಾಕ್ಸಿ ಬಂತು.

ಆಮೇಲೆ ಫೋನಿನಲ್ಲಿ ಎಷ್ಟೋ ಸಲ ಮಾತಾಡಿದೆವು. ಆ ಬೆಳಗಿನ ಸುದ್ದಿಯನ್ನು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಅವರು ತೀರಿಕೊಂಡು ಈಗ ಮೂರು ವರ್ಷ.

ನಿನ್ನೆ ಬೆಳಿಗ್ಗೆ ಮತ್ತೆ ಮಾಲ್‌ಗೆ ಹೋಗಿ ಆ ಸೆಂಟು ಕೊಂಡೆ, ಅಲ್ಲೇ ಕೈ ಮೇಲೆ ಹಾಕಿಕೊಂಡೆ. ಸೊಪ್ಪು ಹೋಗುವ ತನಕ ಕಾದೆ. ಮಧ್ಯಾಹ್ನ ಯಾವುದೋ ಬಿಳಿ ಹೂ ಬಿರಿದಂತಾಯಿತು. ಅದೂ ಹೋಗುವ ತನಕ ಕಾದೆ. ರಾತ್ರಿ ಊಟಕ್ಕೆ ಕೂತಾಗ ಗಂಡ ನನ್ನನ್ನೇ ನೋಡಿದರು.

"ಯಾಕ, ಕೈಗೇನಾಗೇತಿ? ಚಮಚದಾಗ ಉಣ್ಣಾಕತ್ತಿ?"

"ತೊಳಿಯಾಕ ಮನಸ ಬರವಲ್ದುರೀ" ಎಂದೆ.