ಎಂಟನೇ ಕ್ಲಾಸಿನ ಮಗಳು

ನೆಲಕ್ಕೆ ಟೈಲ್ಸ್ ಹಾಕುವವನಿಗೆ ಸಂಜೆ ಹೊತ್ತಿಗೆ ಮಂಡಿ ಇರುವುದಿಲ್ಲ, ಮಂಡಿನೋವು ಮಾತ್ರ ಇರುತ್ತದೆ. ಜೆ.ಪಿ. ನಗರದಲ್ಲಿ ನಾನು ಮಂಡಿಯೂರದ ಬೀದಿ ಕಡಿಮೆ. ಹಾಕಿದ ಟೈಲು ಅಲುಗುತ್ತಿದೆ ಎಂದು ಇವತ್ತಿನವರೆಗೆ ಯಾರೂ ಫೋನ್ ಮಾಡಿಲ್ಲ. ಓದಿದ್ದು ಮಾತ್ರ ಎಂಟನೇ ಕ್ಲಾಸಿನ ಅರ್ಧದವರೆಗೆ.

ಗೊಟ್ಟಿಗೆರೆ ಬಸ್ಸಿಗೆ ಹೋಗುವ ದಾರಿಯಲ್ಲಿ ಒಂದು ಲೈಬ್ರರಿ ಇದೆ. ಮೊದಮೊದಲು ಕೂರಲು ಕುರ್ಚಿ ಸಿಗುತ್ತದೆಂದು ಹೋಗುತ್ತಿದ್ದೆ. ದೊಡ್ಡವರ ಕಾದಂಬರಿ ಹಿಡಿದರೆ ಸಣ್ಣ ಅಕ್ಷರ, ಮುಗಿಯದ ವಾಕ್ಯ. ದಣಿದ ಕಣ್ಣು ಅಲ್ಲೇ ಮುಚ್ಚುತ್ತಿತ್ತು. ಒಂದು ದಿನ ಹಿಂದಿನ ರಟ್ಟಿನ ಮೇಲೆ 'ಹದಿಹರೆಯದವರಿಗೆ' ಎಂದು ಅಚ್ಚಾಗಿದ್ದ ಪುಸ್ತಕ ಕೈಗೆ ಸಿಕ್ಕಿತು. ಹೈಸ್ಕೂಲು ಹುಡುಗರ ಕಥೆ. ಪರೀಕ್ಷೆಗೆ ಹೆದರುತ್ತಾರೆ, ಗೆಳೆಯನ ಜೊತೆ ಮಾತು ಬಿಡುತ್ತಾರೆ, ಕಡೇ ಬೆಂಚಿನಲ್ಲಿ ಕೂತು ನಗುತ್ತಾರೆ. ಆ ವಯಸ್ಸಿನಲ್ಲಿ ನಾನು ಸಿಮೆಂಟು ಕಲಸುತ್ತಿದ್ದೆ. ಆಗ ಉಳಿದವರು ಶಾಲೆಯಲ್ಲಿ ಏನು ಮಾಡುತ್ತಿದ್ದರು ಎಂಬುದು ಈಗ ಗೊತ್ತಾಯಿತು.

ಕೌಂಟರಿನ ಮೇಡಂ ಸೀಲು ಒತ್ತುತ್ತಾ, ಮಗಳಿಗಾ ಎಂದು ಕೇಳಿದರು. ಹೂಂ ಎಂದೆ. ಯಾವ ಕ್ಲಾಸು ಎಂದರು. ಎಂಟನೇದು ಎಂದೆ. ನನಗೆ ಮಗಳಿಲ್ಲ, ಇರುವವರು ಇಬ್ಬರು ಗಂಡುಮಕ್ಕಳು, ಕಥೆಪುಸ್ತಕ ಕಂಡರೆ ಓಡುವವರು. ಆದರೂ ನರೆತ ಮೀಸೆಯ ಗಂಡಸು, ನನಗೇ ಬೇಕು ಎಂದು ಹೇಗೆ ಹೇಳುವುದು?

ಹೀಗೇ ಒಯ್ಯುವುದು, ವಾಪಸು ಕೊಡುವುದು ನಡೆಯಿತು. ಮೂರು ವರ್ಷವಾದರೂ ಮಗಳು ಎಂಟನೇ ಕ್ಲಾಸಿನಲ್ಲೇ ಇದ್ದಳು. ಅವಳನ್ನು ಪಾಸು ಮಾಡಿಸುವುದು ನನಗೆ ಮರೆತುಹೋಗಿತ್ತು. ಮೇಡಂ ಮರೆತಿರಲಿಲ್ಲ. ಒಂದು ಸಂಜೆ ಮಗಳ ಕ್ಲಾಸು ಮತ್ತೆ ಕೇಳಿದರು, ಎಂಟನೇದು ಎಂದುಬಿಟ್ಟೆ.

"ಇನ್ನೂ ಎಂಟೇನಾ ಸಾರ್? ಇಷ್ಟು ಓದೋ ಹುಡುಗಿ ಫೇಲಾಗ್ತಾಳಾ? ಶನಿವಾರ ಕರ್ಕೊಂಡ್ ಬನ್ನಿ, ನಾನ್ ಹೇಳ್ಕೊಡ್ತೀನಿ."

ಇಲ್ಲದವಳನ್ನು ಎಲ್ಲಿಂದ ಕರೆತರಲಿ? ಅವತ್ತು ಸುಳ್ಳು ಹೊರುವುದಕ್ಕೂ ಮೈಯಲ್ಲಿ ಶಕ್ತಿ ಇರಲಿಲ್ಲ. ಎಂಟಕ್ಕೇ ಸ್ಕೂಲು ಬಿಟ್ಟಾಯಿತು ಎಂದೆ. ಅವರ ಮುಖ ಬಿಗಿದುಕೊಂಡಿತು.

"ಓದೋ ಮಗೂನ ಯಾಕ್ ಬಿಡಿಸಿದ್ರಿ?"

ಆ ಮಾತು ಚುಚ್ಚಿತು. ಹೆತ್ತ ಮಕ್ಕಳಿಗೆ ಒಂದು ದಿನವೂ ಸ್ಕೂಲು ತಪ್ಪಿಸಿದವನಲ್ಲ ನಾನು.

"ಬಿಡಿಸಿದ್ದು ನಾನಲ್ಲ ಮೇಡಂ. ನಮ್ಮಪ್ಪ."

ಅವರು ನನ್ನ ಮುಖ ನೋಡಿದರು. ಆಮೇಲೆ ಕೌಂಟರಿನ ಮೇಲಿದ್ದ ನನ್ನ ಕೈ ನೋಡಿದರು. ಉಗುರು ಸಂದಿನಲ್ಲಿ ಬಿಳಿ ಸಿಮೆಂಟು. ಸೀಲು ಒತ್ತಿ ಪುಸ್ತಕ ನನ್ನ ಕಡೆ ಸರಿಸಿದರು.

"ಇದರ ಎರಡನೇ ಭಾಗಾನೂ ಇದೆ. ನಿಮಗೆ ಎತ್ತಿಟ್ಟಿರ್ತೀನಿ."

ಬಸ್ಸಿನಲ್ಲಿ ಸೀಟು ಸಿಕ್ಕಿತು. ಯಾವಾಗಲೂ ಪೇಪರು ಸುತ್ತಿ ಒಯ್ಯುತ್ತಿದ್ದ ಪುಸ್ತಕವನ್ನು ಹಾಗೇ ತೊಡೆ ಮೇಲೆ ತೆರೆದೆ. ಎರಡು ಪುಟ ಆಗಿರಲಿಲ್ಲ, ನಿದ್ದೆ ಹತ್ತಿತು.